ಬಲಮೂಲೆಯ ಚುಕ್ಕೆ

ಕಳೆದ ವಾರ ಚಾಳೀಸು ಕನ್ನಡಕಕ್ಕೆಂದು ಕಣ್ಣು ತೋರಿಸಲು ಹೋಗಿದ್ದೆ. ಡಾಕ್ಟರು ನನ್ನನ್ನು ಒಂದು ಯಂತ್ರದ ಮುಂದೆ ಕೂರಿಸಿ, ಗದ್ದವನ್ನು ಅದರ ಮೇಲೆ ಊರಿಸಿ, ಒಳಗೆ ಕಾಣುವ ಚಿತ್ರವನ್ನೇ ನೋಡುತ್ತಿರಿ ಎಂದರು. ಹಸಿರು ಬಯಲು, ನಟ್ಟನಡುವೆ ಒಂದು ಪುಟ್ಟ ಮನೆ. ನೋಡಿದೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಯಂತ್ರದ ಆಚೆಯಿಂದ ತಲೆ ಎತ್ತಿದರು.

"ಮನೆ ನೋಡ್ರಿ ಸರ್. ಯಾಕೆ ಪದೇ ಪದೇ ಮೇಲೆ ಬಲಗಡೆ ಮೂಲೆಗೆ ಹೋಗ್ತೀರಿ?"

ನರದ ದೌರ್ಬಲ್ಯವೋ, ಮಿದುಳಿನಲ್ಲಿ ಗಂಟೋ, ಲಕ್ವದ ಮುನ್ಸೂಚನೆಯೋ ಎಂದು ನಾನು ಒಳಗೊಳಗೇ ಪಟ್ಟಿ ಶುರುಮಾಡುವಷ್ಟರಲ್ಲಿ, ಹಿಂದೆ ನಿಂತಿದ್ದ ನನ್ನ ಹೆಂಡತಿ ಗಿರಿಜಾ ಉತ್ತರ ಕೊಟ್ಟೇಬಿಟ್ಟಳು.

"ಅದು ಕಣ್ಣಿನ ರೋಗ ಅಲ್ರಿ ಡಾಕ್ಟ್ರೆ, ಪಿಚ್ಚರ್ ರೋಗ. ಟೀವಿ ಹಚ್ಚಿದ್ರೆ ವಾರ್ತೆ ಓದೋರ ಮುಖ ನೋಡಲ್ಲ, ಮೂಲೆ ನೋಡ್ತಾರೆ. ನಮ್ಮ ಮದುವೆ ಫೋಟೋ ತಂದು ತೋರಿಸ್ಲೇನು? ಅದ್ರಾಗೂ ಮೂಲೆ ನೋಡ್ಕೊಂಡೇ ನಿಂತಾರೆ. ನಮ್ಮಪ್ಪಗೆ ಆವತ್ತು ಸಂಶಯ ಬಂದಿತ್ತು, ಹುಡುಗನ ಕುತ್ತಿಗಿ ಸರಿ ಐತೋ ಇಲ್ಲೋ ಅಂತ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಕನ್ನಡಿಯ ಮುಂದೆ ನಿಂತು ಕುತ್ತಿಗೆಯನ್ನು ಎರಡೂ ಕಡೆ ತಿರುಗಿಸಿ ನೋಡಿಕೊಂಡೆನೆಂಬುದು ಬೇರೆ ಮಾತು.

ಈ ರೋಗ ತಗುಲಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿನ ಡೆಮಾನ್‌ಸ್ಟ್ರೇಟರ್. ಮಸೂರ, ಪಟ್ಟಕ, ದರ್ಪಣ ಇವೇ ನನ್ನ ಬಂಧುಬಳಗ. ಬೆಳಕು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಹುಡುಗರಿಗೆ ಗುಂಡುಸೂಜಿ ಚುಚ್ಚಿ ತೋರಿಸುವುದು ನನ್ನ ಕೆಲಸ. ಕೆಲಸ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಬರುವ ಆದೇಶದ ಕಾಗದದಲ್ಲಿ ಆ ಪದ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇದ್ದಂತೆ ನನಗೆ ಕಾಣುತ್ತಿತ್ತು. ನಾನು ಹುಟ್ಟಾ ಚಿಂತೆಗಾರ. ಕೋಣೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಅರ್ಧ ದಾರಿಗೆ ಹೋಗಿ, ಮರಳಿ ಬಂದು ನಾಲ್ಕನೆಯ ಸಲ ಎಳೆಯುವವನು. ಅಂಥವನಿಗೆ ತಾತ್ಕಾಲಿಕ ಎಂಬ ಪದ ಕೊಟ್ಟರೆ ಅವನು ಅದನ್ನು ವರ್ಷವಿಡೀ ಎಳೆದು ನೋಡುತ್ತಾನೆ.

ಎಲ್ಲದರಲ್ಲೂ ಅರ್ಥ ಹುಡುಕುವ ಚಟ ಮಾತ್ರ ಇದಕ್ಕೂ ಹಳೆಯದು. ಮಾಯಕೊಂಡದಲ್ಲಿದ್ದ ನನ್ನ ಸೋದರತ್ತೆಯ ಕೊಡುಗೆ ಅದು. ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ನಮ್ಮ ದಿನ ಹಲ್ಲಿಯಿಂದ ಶುರುವಾಗುತ್ತಿತ್ತು. ಹಲ್ಲಿ ಯಾವ ಗೋಡೆಯಲ್ಲಿ ಲೊಚಗುಟ್ಟಿತು, ರೊಟ್ಟಿ ಯಾವ ಕಡೆ ಉಬ್ಬಿತು, ಎಡಗಣ್ಣು ಅದುರಿತೋ ಬಲಗಣ್ಣೋ, ಚಪ್ಪಲಿಯ ಮೇಲೆ ಚಪ್ಪಲಿ ಹೇಗೆ ಬಿತ್ತು, ಎಲ್ಲಕ್ಕೂ ಅತ್ತೆಯ ಹತ್ತಿರ ಅರ್ಥವಿತ್ತು. ನಾನು ಒಮ್ಮೆ ಸುಮ್ಮನೆ ಸೀನಿದ್ದಕ್ಕೆ ಒಂದು ಹೆಣ್ಣು ನೋಡುವ ಶಾಸ್ತ್ರವೇ ಎರಡು ದಿನ ಮುಂದಕ್ಕೆ ಹೋಗಿತ್ತು. "ಸುಮ್ಸುಮ್ನೆ ಯಾವುದೂ ಆಗಲ್ಲಪ್ಪಾ" ಎನ್ನುವುದು ಅವರ ಒಂದೇ ಸಾಲಿನ ವೇದಾಂತ. ಭೌತಶಾಸ್ತ್ರ ಓದಿದ ಮೇಲೂ ಅದು ನನ್ನನ್ನು ಬಿಡಲಿಲ್ಲ.

ಇಂಥ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದವನು ತಿಪ್ಪೇಶಿ. ಹತ್ತಿ ಗಿರಣಿಯೊಂದರಲ್ಲಿ ಟೈಮ್‌ಕೀಪರ್. ಭಾನುವಾರದ ಮಾರ್ನಿಂಗ್ ಶೋಗೆ ಬರುವ ಇಂಗ್ಲಿಷ್ ಪಿಚ್ಚರುಗಳನ್ನು ಒಂದೂ ಬಿಡದೆ ನೋಡುವುದು ನಮ್ಮ ವ್ರತ. ಹಾಗೆ ಬಂದದ್ದೇ ಆ ಆಕಾಶನೌಕೆಯ ಪಿಚ್ಚರು. ಮೂರು ಭಾಗಗಳ ಸರಣಿ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದಿತ್ತು. ಅದರಲ್ಲಿ ತಂಬಿಗೆಯನ್ನು ಬೋರಲು ಹಾಕಿದಂಥ ತಲೆಯ ಒಂದು ಯಂತ್ರಮಾನವ ಇದ್ದುದರಿಂದ ಊರಿನವರು ಅದನ್ನು "ತಂಬಿಗೆ ತಲೆ" ಎಂದು ಕರೆದರು. ತಂಬಿಗೆ ತಲೆ ಒಂದು, ಎರಡು, ಮೂರು. ನಮ್ಮೂರಿಗೆ ಮೊದಲು ಬಂದದ್ದು ಎರಡನೆಯದು. ಅದರಲ್ಲಿ ಬಿಳಿಗಡ್ಡದ ಕ್ಯಾಪ್ಟನ್ ಕಳೆದುಹೋದ ಒಂದು ಗ್ರಹವನ್ನು ಹುಡುಕುತ್ತಾನೆ. ಅದು ಕಳೆದದ್ದು ಒಂದನೆಯ ಭಾಗದಲ್ಲಿ. ನಾವು ಅದನ್ನು ನೋಡಿದ್ದು ಆಮೇಲೆ. ಹೀಗಾಗಿ ಕಳೆದುಕೊಳ್ಳುವ ಮೊದಲೇ ಹುಡುಕುವ ಆ ಕ್ಯಾಪ್ಟನ್ನಿನ ಮೇಲೆ ನನಗೆ ಒಂಥರಾ ಆತ್ಮೀಯತೆ ಬೆಳೆಯಿತು. ಚಿಂತೆ ಮಾಡುವವರೆಲ್ಲ ಮಾಡುವುದು ಅದನ್ನೇ ಅಲ್ಲವೇ?

ಮೊದಲ ದಿನ ಹೊರಗೆ ಬಂದು ಮಂಡಕ್ಕಿ ಮಿರ್ಚಿ ತಿನ್ನುತ್ತ ತಿಪ್ಪೇಶಿ ಕೇಳಿದ: "ಅವರು ಮಾತಾಡಿದ್ದು ನಿನಗೆ ತಿಳೀತೇನ್ಲೇ?"

"ಇಲ್ಲ. ನಿನಗೆ?"

"ಯೆಸ್ಸು, ನೋ, ಕಮಾನ್, ಇಷ್ಟು ತಿಳೀತು. ಏನೋ ಒಳಾರ್ಥ ಇರ್ಬೇಕು ಬಿಡು."

ಇಂಗ್ಲಿಷ್ ಬರುವವರಿಗೆ ಮಾತಿನ ಅರ್ಥ ತಿಳಿದುಬಿಡುತ್ತದೆ, ಪಾಪ. ಅವರಿಗೆ ಅಷ್ಟೇ ಗತಿ. ನಮ್ಮಂಥವರಿಗೆ ಇಡೀ ಒಳಾರ್ಥವೇ ಬಾಕಿ ಇರುತ್ತದೆ. ಎರಡನೆಯ ವಾರ ಮತ್ತೆ ಹೋದೆವು. ಮೂರನೆಯ ವಾರ ನಾನು ಆ ಚುಕ್ಕೆಯನ್ನು ಕಂಡೆ.

ಪರದೆಯ ಮೇಲೆ ಬಲಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. ಕಣ್ಣು ಮಿಟುಕಿಸಿದರೆ ಹೋಯಿತು. ಏಳೆಂಟು ಸೆಕೆಂಡಿನ ನಂತರ ಅದೇ ಜಾಗದಲ್ಲಿ ಇನ್ನೊಂದು. ಅದಾದ ಕೂಡಲೇ ದೃಶ್ಯ ಬದಲಾಗಿ, ನೌಕೆಗೆ ಬೆಂಕಿ ಬಿದ್ದಿತ್ತು! ನಾನು ತಿಪ್ಪೇಶಿಯ ತೊಡೆ ಚಿವುಟಿದೆ. ಸುಮಾರು ಇಪ್ಪತ್ತು ನಿಮಿಷ ಕಳೆದು ಮತ್ತೆ ಚುಕ್ಕೆ, ಮತ್ತೆ ಚುಕ್ಕೆ. ಈ ಸಲ ಕ್ಯಾಪ್ಟನ್ ಎಚ್ಚರ ತಪ್ಪಿದ. ಒಂದನೆಯ ಭಾಗ ಬಂದಾಗ ಅದರಲ್ಲೂ ಚುಕ್ಕೆ. ಮೂರನೆಯದರಲ್ಲೂ ಚುಕ್ಕೆ. ಮೂರು ಪಿಚ್ಚರಿಗೂ ಒಂದೇ ಗುಟ್ಟಿನ ದಾರ ಪೋಣಿಸಿದ್ದಾನಲ್ಲ ಆ ಡೈರೆಕ್ಟರು ಎಂದು ನನಗೆ ಮೈ ಜುಮ್ಮೆಂದಿತು. ಸುಮ್ಸುಮ್ನೆ ಯಾವುದೂ ಆಗಲ್ಲಪ್ಪಾ! ಕನ್ನಡ ಪಿಚ್ಚರಿನಲ್ಲೂ ಆ ಚುಕ್ಕೆ ಇರುತ್ತದೆಂಬುದು ನಮಗೆ ಹೊಳೆಯಲೇ ಇಲ್ಲ. ಅಲ್ಲಿ ನಾವು ಅಳುವುದರಲ್ಲೂ ಶಿಳ್ಳೆ ಹಾಕುವುದರಲ್ಲೂ ಮುಳುಗಿರುತ್ತಿದ್ದೆವು. ಮೂಲೆ ನೋಡಲು ಪುರುಸೊತ್ತೆಲ್ಲಿ?

ಮೂರು ರಾತ್ರಿ ಕೂತು ಲೇಖನ ಬರೆದೆ. "ಚುಕ್ಕೆಯ ಒಳಾರ್ಥ". ಮೊದಲ ಚುಕ್ಕೆ ಎಚ್ಚರಿಕೆ, ಎರಡನೆಯದು ವಿಧಿ. ಮನುಷ್ಯ ಆಕಾಶಕ್ಕೆ ಹಾರಿದರೂ ಮೂಲೆಯಲ್ಲಿ ಒಂದು ಕಣ್ಣು ಅವನನ್ನು ನೋಡುತ್ತಲೇ ಇರುತ್ತದೆ, ಇತ್ಯಾದಿ ಇತ್ಯಾದಿ. ಊರಿನ ವಾರಪತ್ರಿಕೆಯವರಿಗೆ ಆ ವಾರ ಏನೂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ, ಎದುರುಬದುರಾಗಿ ಎರಡು ಪುಟ ಕೊಟ್ಟುಬಿಟ್ಟರು.

ಮುಂದಿನ ಭಾನುವಾರ ಟಾಕೀಸಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಚುಕ್ಕೆ ಕಂಡ ಕೂಡಲೇ ಮುಂದಿನ ಬೆಂಚಿನವರು "ಚುಕ್ಕೀ! ಚುಕ್ಕೀ!" ಎಂದು ಕೂಗಿ ಶಿಳ್ಳೆ ಹಾಕಿದರು. ಬಾಲ್ಕನಿಯಿಂದ ಚಪ್ಪಾಳೆ. ಕ್ಯಾಪ್ಟನ್ನಿನ ಕಡೆ ಒಬ್ಬರ ಕಣ್ಣೂ ಇಲ್ಲ. ಐನೂರು ಜನ ಬಾಯಿ ತೆರೆದು ಬಲಮೂಲೆ ನೋಡುತ್ತಿದ್ದಾರೆ. ತಿಪ್ಪೇಶಿ ಎದ್ದು ನಿಂತು "ಬರೆದೋನು ಇಲ್ಲೇ ಕುಂತಾನೆ!" ಎಂದು ಕೂಗಲು ಹೊರಟಿದ್ದ. ಅವನ ಅಂಗಿ ಹಿಡಿದು ಎಳೆದು ಕೂರಿಸಿದೆ.

ಆಮೇಲೆ ಹರಿಹರದಿಂದ ಪತ್ರ ಬಂತು. ಅಲ್ಲಿನ ವಾಚನಾಲಯದ ಗೆಳೆಯರು ಒಂದು ಭಾನುವಾರ ಬೆಳಿಗ್ಗೆ ಉಪನ್ಯಾಸ ಏರ್ಪಡಿಸಿದ್ದರು. ಮೂರನೆಯ ಭಾಗ ಆಗ ಅವರೂರಿನ ಟಾಕೀಸಿಗೆ ಹೋಗಿತ್ತು. ಕರೆದವರ ಊರಿಗೆ ಏನಾದರೂ ಕಾಣಿಕೆ ಒಯ್ಯಬೇಕಲ್ಲ ಎಂದು ನಾನು ಒಂದು ಹೊಸ ಒಳಾರ್ಥ ಹೊಸೆದೆ. ಚುಕ್ಕೆ ಎರಡು, ಮೂಲೆ ಒಂದೇ. ಮೊದಲನೆಯದು ಹರಿ, ಎರಡನೆಯದು ಹರ. ಇಬ್ಬರೂ ಸೇರಿದರೆ ಹರಿಹರ! ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಕರಪತ್ರದಲ್ಲಿ "ಹರಿ-ಹರ ಚುಕ್ಕೆಗಳ ರಹಸ್ಯ" ಎಂದೇ ಅಚ್ಚು ಹಾಕಿಸಿದರು. ಅದರ ಕೆಳಗೆ ಅಧ್ಯಕ್ಷತೆ ಯಾರದೆಂದು ಎರಡೆರಡು ಸಲ ಓದಿದೆ. ನಮ್ಮ ಪ್ರಿನ್ಸಿಪಾಲರದು. ಅವರೂ ಭೌತಶಾಸ್ತ್ರದವರು. ಮುಂದಿನ ಜೂನ್‌ನಲ್ಲಿ ನನ್ನನ್ನು ಕಾಯಂ ಮಾಡುವುದೋ, ಮನೆಗೆ ಕಳಿಸುವುದೋ ಎಂದು ಶಿಫಾರಸು ಬರೆಯುವವರು ಅವರೇ.

ಆ ಭಾನುವಾರ ಬೀಗವನ್ನು ಆರು ಸಲ ಎಳೆದು ನೋಡಿ, ಒಂದು ಮೋಡವೂ ಇಲ್ಲದ ದಿನ ಕೊಡೆ ಹಿಡಿದುಕೊಂಡು, ತಿಪ್ಪೇಶಿಯ ಜೊತೆ ಹರಿಹರದ ಬಸ್ಸು ಹತ್ತಿದೆ. ತಿಪ್ಪೇಶಿಗೆ ಹಿಂದಿನ ಸೀಟು ಸಿಕ್ಕಿತು. ನನ್ನ ಪಕ್ಕ ಐವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ತಲೆಯ ಮೇಲೆ ಬಿಳಿ ಟೋಪಿ, ಬೆರಳ ತುದಿಗಳಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸುಟ್ಟ ಗಾಯದ ಕಲೆಗಳು, ತೊಡೆಯ ಮೇಲೆ ಉದ್ದನೆಯ ಒಂದು ರಟ್ಟಿನ ಡಬ್ಬಿ. ಬಸ್ಸು ಊರು ದಾಟುತ್ತಿದ್ದಂತೆ ಅವರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಡಿಸಿದರು. ಮಿರ್ಚಿ ಕಟ್ಟಿಕೊಟ್ಟಿದ್ದ ಕಾಗದ. ಎಣ್ಣೆ ಕುಡಿದು ಗಾಜಿನಂತಾಗಿತ್ತು.

"ಸರ, ಸ್ವಲ್ಪ ಓದಿ ಹೇಳ್ತೀರೇನ್ರಿ? ಎಣ್ಣಿ ಹತ್ತಿ ಅಕ್ಷರ ಒಂದರ ಮ್ಯಾಲೆ ಒಂದು ಹತ್ಯಾವೆ."

ತೆಗೆದುಕೊಂಡು ನೋಡಿದರೆ "ಚುಕ್ಕೆಯ ಒಳಾರ್ಥ"!

ನನ್ನ ಲೇಖನವನ್ನು ನಾನೇ ಗಟ್ಟಿಯಾಗಿ ಓದಿದ್ದು ಅದೇ ಮೊದಲು, ಅದೇ ಕೊನೆ. ಬರೆಯುವಾಗ ಗಂಭೀರವಾಗಿದ್ದ ವಾಕ್ಯಗಳು ಬಸ್ಸಿನ ಕುಲುಕಾಟಕ್ಕೆ ಬಿಕ್ಕಳಿಸತೊಡಗಿದವು. ಹಿಂದಿನ ಸೀಟಿನಲ್ಲಿ ತಿಪ್ಪೇಶಿ ಟವಲು ಬಾಯಿಗೆ ತುರುಕಿಕೊಂಡ ಸದ್ದು ಕೇಳಿಸಿತು. ಹಾಳೆಯ ಕೊನೆಯ ಸಾಲು ಹೀಗಿತ್ತು: "ಈ ಚುಕ್ಕೆಯನ್ನು ಅಲ್ಲಿಟ್ಟವರು ಯಾರು? ಯಾರಿಗಾಗಿ?"

"ಮುಂದೆ?" ಎಂದರು ಅವರು.

"ಇಷ್ಟೇ ಇರೋದು. ಮುಂದಿನ ಹಾಳೆ ಇಲ್ಲ."

"ಯಾರಿಗಾಗಿ ಅಂತ ಕೇಳ್ಯಾನಲ್ಲ ಪುಣ್ಯಾತ್ಮ. ನನಗಾಗೀ ರೀ!" ಎಂದು ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ನಾನು ದಾದಾಪೀರ್. ಹರಿಹರದ ಟಾಕೀಸಿನಾಗ ಆಪರೇಟರ್. ಇದು ನೋಡ್ರಿ, ಮಷೀನಿನ ದೀಪಕ್ಕೆ ಉರಿಸೋ ಕಾರ್ಬನ್ ಕಡ್ಡಿ ತಗಂಡು ಹೊಂಟೀನಿ. ಪಿಚ್ಚರ್ ಅಂದ್ರೆ ಒಂದೇ ಉದ್ದ ರೀಲು ಅಂತ ತಿಳ್ಕಂಡೀರೇನು? ಇಪ್ಪತ್ತು ನಿಮಿಷಕ್ಕೊಂದು ರೀಲು ಮುಗೀತೈತೆ. ಕ್ಯಾಬಿನ್ನಿನಾಗ ಮಷೀನು ಎರಡು. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಚಾಲೂ ಮಾಡ್ಬೇಕು. ಯಾವಾಗ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕ್ರಿ? ಅದಕ್ಕೆ ಚುಕ್ಕಿ. ಮೊದಲ್ನೇದು ಬಂತು, ಮೋಟರ್ ಹಾಕು. ಎರಡ್ನೇದು ಬಂತು, ಆ ಮಷೀನು ಮುಚ್ಚು, ಈ ಮಷೀನು ತೆಗಿ. ಇಷ್ಟೇ ಅದರ ಒಳಾರ್ಥ."

ಬಸ್ಸಿನ ಕಿಟಕಿಯಿಂದ ಹೊರಗೆ ಹಾರಿಬಿಡೋಣವೇ ಎನ್ನಿಸಿತು. ಬೆಳಕಿನ ಪಾಠ ಹೇಳುವ ನಾನು, ಬೆಳಕು ಪರದೆಯ ಮೇಲೆ ಬಿದ್ದ ಮೇಲಿನದನ್ನೆಲ್ಲ ಯೋಚಿಸಿದ್ದೆ. ಅದು ಹೊರಡುವ ಕಿಂಡಿಯ ಹಿಂದೆ ಒಬ್ಬ ಮನುಷ್ಯ ಕೂತಿರುತ್ತಾನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಈ ಲೇಖನ ಬಂದ ಮ್ಯಾಲೆ ನಂದು ನಸೀಬು ಕೆಟ್ಟೈತ್ರಿ" ಎಂದು ಅವರು ಮುಂದುವರಿಸಿದರು. "ಚುಕ್ಕಿ ಬಂದ್ರೆ ಸಾಕು, ಶಿಳ್ಳಿ! ಕೈ ನಡುಗ್ತೈತೆ. ಇಪ್ಪತ್ತೆರಡು ವರ್ಷದಾಗ ಒಂದಿನ ಪರದೆ ಬೆಳ್ಳಗೆ ಮಾಡಿದೋನಲ್ಲ ನಾನು. ಮೊನ್ನೆ ಮಾಡಿದೆ. ಮನೀಗೆ ಹೋಗಿ ಊಟ ಮಾಡಲಿಲ್ಲ. ಇವತ್ತು ಆ ಮನುಷ್ಯ ಭಾಷಣಕ್ಕೆ ಬರ್ತಾನಂತೆ. ಮುಂದೇ ಕುಂತು ಕೇಳ್ತೀನಿ. ಅಂದಹಾಗೆ ನೀವು ಏನು ಕೆಲಸ ಮಾಡ್ತೀರಿ ಸರ?"

"ಲ್ಯಾಬಿನಾಗೆ" ಎಂದೆ.

"ರಕ್ತ ಗಿಕ್ತ ತಗಿಯೋದಾ?"

"ಹೂಂ."

"ಹಂಗಾದ್ರೆ ನನ್ನ ಸಕ್ಕರಿ ಒಂದ್ಸಲ ನೋಡ್ರಿ" ಎಂದು ಅವರು ತೋಳು ಮುಂದೆ ಚಾಚಿದರು. ಹಿಂದೆ ತಿಪ್ಪೇಶಿಯ ಟವಲು ಸೋತಿತು. ಇಡೀ ಬಸ್ಸು ತಿರುಗಿ ನೋಡುವಂತೆ ಅವನು ಕೆಮ್ಮಿದ.

ಹರಿಹರದಲ್ಲಿ ಇಳಿದು, ದಾದಾಪೀರ್ ಸಾಬರು ಕಣ್ಮರೆಯಾದ ಮೇಲೆ ನಾನು ತಿಪ್ಪೇಶಿಗೆ ಹೇಳಿದೆ: "ನನಗೆ ಜ್ವರ ಬಂದಂಗೈತೆ. ವಾಪಸ್ ಹೋಗಣ."

"ಜ್ವರ ಬಂದ್ರೆ ರಕ್ತ ಪರೀಕ್ಷೆ ಮಾಡ್ಕೊ" ಎಂದ ಆ ದ್ರೋಹಿ. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದ. "ಓಡಿ ಹೋದ್ರೆ ಪ್ರಿನ್ಸಿಪಾಲ್ರು ಏನಂತಾರೆ? ನಿಂತು ಸುಳ್ಳು ಹೇಳಿದ್ರೆ ಸಾಬ್ರು ಏನಂತಾರೆ? ನೀನೇ ನೋಡಪ್ಪ."

ಅದನ್ನೇ ನೋಡುತ್ತ, ಎರಡೂ ಕಡೆಯ ಅನಾಹುತಗಳನ್ನು ತೂಗುತ್ತ ನಾನು ವೇದಿಕೆ ಹತ್ತಿದೆ. ವಾಚನಾಲಯ ತುಂಬಿತ್ತು. ಕಿಟಕಿಗಳಲ್ಲೂ ಜನ. ಪ್ರಿನ್ಸಿಪಾಲರು ಪರಿಚಯ ಮಾಡಿಕೊಡುತ್ತ, "ನಾವೆಲ್ಲ ಪರದೆ ನೋಡ್ತೀವಿ, ಈತ ಮೂಲೆ ನೋಡಿದ. ವಿಜ್ಞಾನಿಯ ಕಣ್ಣು ಅಂದ್ರೆ ಇದು" ಎಂದು ಬೇರೆ ಹೇಳಿಬಿಟ್ಟರು. ಮೊದಲ ಸಾಲಿನ ನಡುವೆ ದಾದಾಪೀರ್ ಸಾಬರು. ರಕ್ತ ಪರೀಕ್ಷೆಯವನು ಹಾರ ಹಾಕಿಸಿಕೊಳ್ಳುವುದನ್ನು ನೋಡಿ ಅವರ ಹುಬ್ಬು ಟೋಪಿಯೊಳಗೆ ಹೋಗಿತ್ತು.

ಎದ್ದು ನಿಂತೆ. ಕೈಯಲ್ಲಿ ಹನ್ನೆರಡು ಹಾಳೆಗಳ ಭಾಷಣ. ಮೊದಲ ವಾಕ್ಯ, "ಹರಿ ಎಂದರೆ ಪಾಲನೆ, ಹರ ಎಂದರೆ ಲಯ." ಅದನ್ನು ಓದಿದರೆ ಚಪ್ಪಾಳೆ ಗ್ಯಾರಂಟಿ. ಕೆಲಸವೂ ಬಹುಶಃ ಗ್ಯಾರಂಟಿ. ಸಾಬರ ಕಡೆ ನೋಡಿದೆ. ಅವರು ಸಿಟ್ಟಿನಿಂದೇನೂ ನೋಡುತ್ತಿರಲಿಲ್ಲ. ತೊಡೆಯ ಮೇಲಿದ್ದ ಎರಡು ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ಅವು ನಡುಗದಂತೆ ಹಿಡಿದುಕೊಂಡವರ ಹಾಗೆ ಕೂತಿದ್ದರು. ಹಾಳೆಗಳನ್ನು ಮಡಿಸಿ ಜೇಬಿಗೆ ಹಾಕಿದೆ.

"ಈ ಚುಕ್ಕೆ ಯಾರಿಗಾಗಿ ಎಂದು ನಾನು ಲೇಖನದಲ್ಲಿ ಕೇಳಿದ್ದೆ. ಉತ್ತರವನ್ನೂ ನಾನೇ ಬರೆದುಕೊಂಡಿದ್ದೆ. ಅದು ಅಷ್ಟೂ ತಪ್ಪು. ಸರಿಯಾದ ಉತ್ತರ ನನಗೆ ಗೊತ್ತಾಗಿ ಒಂದು ಗಂಟೆಯೂ ಆಗಿಲ್ಲ. ಅದು ಬಲ್ಲವರು ಇಲ್ಲೇ ಮುಂದೆ ಕೂತಿದ್ದಾರೆ. ಅವರ ಹತ್ತಿರ ನಾನು ಬಸ್ಸಿನಲ್ಲಿ ಸುಳ್ಳು ಬೇರೆ ಹೇಳಿದ್ದೇನೆ. ದಾದಾಪೀರ್ ಸಾಬ್ರೆ, ಬರ್ರಿ ಮೇಲೆ. ಈ ಭಾಷಣ ನಿಮ್ಮದು."

ಪ್ರಿನ್ಸಿಪಾಲರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಸಾಬರು ಎದ್ದು, ಟೋಪಿ ಸರಿಮಾಡಿಕೊಂಡು ಮೇಲೆ ಬಂದು, ಮೈಕನ್ನು ಕಾರ್ಬನ್ ಕಡ್ಡಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದರು.

"ನನಗೆ ಭಾಷಣ ಬರಲ್ರಿ. ಕ್ಯಾಬಿನ್ನಿನಾಗ ನಾನು ಕುಂತಿರ್ತೀನಿ. ನೀವೆಲ್ಲ ಹೀರೋನ್ನ ನೋಡ್ತೀರಿ. ನಾನು ಮೂಲೆ ನೋಡ್ತೀನಿ. ಇಪ್ಪತ್ತೆರಡು ವರ್ಷದಾಗ ಎಷ್ಟು ಪಿಚ್ಚರ್ ಓಡಿಸೀನಿ, ಒಂದರದ್ದೂ ಕತಿ ಪೂರ್ತಿ ಗೊತ್ತಿಲ್ಲ ನನಗೆ!" ಜನ ಹೋ ಎಂದು ನಕ್ಕರು. ಆಮೇಲೆ ಅವರು ಎರಡು ಮಷೀನುಗಳ ಕಥೆ ಹೇಳಿದರು. ಉರಿಯುವ ಕಡ್ಡಿಯ ಬೆಳಕು, ಬೇಸಿಗೆಯಲ್ಲಿ ಕ್ಯಾಬಿನ್ನಿನ ಕಾವು, ತುಂಡಾದ ಫಿಲ್ಮನ್ನು ಉಸಿರು ಬಿಗಿಹಿಡಿದು ಅಂಟಿಸುವುದು. ನನ್ನ ಹನ್ನೆರಡು ಹಾಳೆಗಳಲ್ಲಿ ಒಂದರಲ್ಲೂ ಅಷ್ಟು ಆಕಾಶ ಇರಲಿಲ್ಲ.

ಹಿಂದಿನಿಂದ ಒಬ್ಬರು ಎದ್ದು, "ಹಂಗಾದ್ರೆ ಹರಿ-ಹರ ಸುಳ್ಳೇನ್ರಿ?" ಎಂದು ಬೇಸರದಿಂದ ಕೇಳಿದರು. ಊರಿಗೆ ಕೊಟ್ಟ ಮರ್ಯಾದೆಯನ್ನು ಕಿತ್ತುಕೊಂಡಂತಾಗಿತ್ತು ಅವರಿಗೆ.

ಸಾಬರು ಅವರ ಕಡೆ ತಿರುಗಿದರು. "ಸುಳ್ಳು ಯಾಕ ಆಗ್ತೈತ್ರಿ? ಹೆಸರು ಚಲೋ ಐತೆ, ಇರ್ಲಿ ಬಿಡ್ರಿ. ಇಷ್ಟು ದಿನ ಬರೇ ಒಂದ್ನೇದು, ಎರಡ್ನೇದು ಅಂತಿದ್ವಿ. ಇವತ್ತಿಂದ ಹರಿ ಬಂದ್ರೆ ಮೋಟರು, ಹರ ಬಂದ್ರೆ ಬದಲಿ. ಆದ್ರೆ ಶಿಳ್ಳಿ ಮಾತ್ರ ಬ್ಯಾಡ್ರಪ್ಪ, ಕೈ ಮುಗೀತೀನಿ."

ಆ ಚಪ್ಪಾಳೆಗೆ ಸೂರಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಪ್ರಿನ್ಸಿಪಾಲರು ಅಧ್ಯಕ್ಷ ಭಾಷಣದಲ್ಲಿ, "ಇಪ್ಪತ್ತೆಂಟು ವರ್ಷ ಬೆಳಕಿನ ಪಾಠ ಮಾಡೀನಿ. ಈ ಚುಕ್ಕೆ ಯಾಕಂತ ನನಗೂ ಗೊತ್ತಿರಲಿಲ್ಲ. ನಾನು ಅದನ್ನ ಫಿಲ್ಮಿನ ಕೊಳೆ ಅಂತ ತಿಳ್ಕೊಂಡಿದ್ದೆ" ಎಂದರು. ವೇದಿಕೆ ಇಳಿಯುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ನಾಳೆ ಬಂದು ನನ್ನ ಕಾಣು" ಎಂದಷ್ಟೇ ಹೇಳಿ ಹೊರಟರು. ಮರುದಿನ ಅವರು ಕರೆದದ್ದು ಸಾಬರನ್ನು ಲ್ಯಾಬಿಗೆ ಕರೆಸಿ ಹುಡುಗರಿಗೆ ಪ್ರೊಜೆಕ್ಟರಿನ ಪಾಠ ಹೇಳಿಸುವುದಕ್ಕೆಂಬುದು, ಜೂನ್‌ನ ಆದೇಶದಲ್ಲಿ ತಾತ್ಕಾಲಿಕ ಎಂಬ ಆ ದಪ್ಪ ಪದ ಇರಲಿಲ್ಲವೆಂಬುದು ಆಮೇಲಿನ ಸಂಗತಿ. ಆ ಮಧ್ಯಾಹ್ನ ನನಗೆ ಅದಾವುದೂ ಗೊತ್ತಿರಲಿಲ್ಲ. ಹೊರಗೆ ನಿಂತು ಟ್ಯೂಷನ್ ಹೇಳಿ ಹೇಗೆ ಬದುಕುವುದೆಂದು ಲೆಕ್ಕ ಹಾಕುತ್ತಿದ್ದೆ. ಸಾಬರು ಬಂದು ತೋಳು ಹಿಡಿದರು.

"ಬರ್ರಿ ರಕ್ತದ ಡಾಕ್ಟ್ರೆ. ಮ್ಯಾಟ್ನಿ ಶೋ ಐತೆ. ಒಳಾರ್ಥ ತೋರಿಸ್ತೀನಿ."

ಕ್ಯಾಬಿನ್ ನಮ್ಮ ಕೋಣೆಗಿಂತ ಚಿಕ್ಕದು, ಬಾಣಲೆಯಷ್ಟು ಬಿಸಿ. ಎರಡು ಮಷೀನುಗಳು ಜೋಡೆತ್ತಿನಂತೆ ನಿಂತಿದ್ದವು. ನನ್ನನ್ನು ಎರಡನೆಯದರ ಪಕ್ಕ ನಿಲ್ಲಿಸಿ, ಹಿಡಿಯ ಮೇಲೆ ನನ್ನ ಕೈ ಇರಿಸಿ, "ಮೋಟರ್ ನಾನು ಹಾಕ್ತೀನಿ. ಹರ ಬಂದ ಕೂಡ್ಲೇ ಇದನ್ನ ಎಳೀರಿ. ಕತಿ ನೋಡಬ್ಯಾಡ್ರಿ, ಮೂಲೆ ನೋಡ್ರಿ" ಎಂದರು. ತಿಪ್ಪೇಶಿ ಬಾಗಿಲಲ್ಲಿ ನಿಂತು ನನ್ನ ಕೊಡೆ ಹಿಡಿದುಕೊಂಡಿದ್ದ.

ಮೊದಲ ಚುಕ್ಕೆ ಬಂತು. ಬೆಳಗಿನ ಸಭೆಯವರೇ ಅರ್ಧ ಟಾಕೀಸು ತುಂಬಿದ್ದರು. ಶಿಳ್ಳೆ ಹಾಕಲಿಲ್ಲ, ಮಾತು ಉಳಿಸಿಕೊಂಡರು. ಬದಲಿಗೆ ಇಡೀ ಟಾಕೀಸು ಒಕ್ಕೊರಲಿನಿಂದ "ಹರೀ..." ಎಂದಿತು. ನಾನು ಗಾಬರಿಯಾಗಿ ಕೆಳಗೆ ನೋಡಿದೆ. "ಹರ!" ಎಂದು ಕೂಗಿದಾಗ ನನ್ನ ಕೈ ಎಲ್ಲಿತ್ತೋ. ಪರದೆ ಬೆಳ್ಳಗಾಯಿತು. ಟಾಕೀಸು ಹುಯ್ಯೆಂದಿತು. ಸಾಬರು ನನ್ನ ಕೈಯ ಮೇಲೆ ಕೈ ಇಟ್ಟು ಎಳೆದರು. "ಇರ್ಲಿ ಬಿಡ್ರಿ. ನಾನೂ ಮೊನ್ನೆ ಮಾಡೀನಲ್ಲ. ಇಬ್ಬರದ್ದೂ ಸಮ ಆತು" ಎಂದು ನಕ್ಕರು.

ಕೊನೆಯ ರೀಲಿನ ಹೊತ್ತಿಗೆ ಬಿಳಿಗಡ್ಡದ ಕ್ಯಾಪ್ಟನ್ ತನ್ನ ಗ್ರಹವನ್ನು ಕಂಡಿದ್ದ. ನೌಕೆ ಇಳಿಯುತ್ತಿತ್ತು. ತಂಬಿಗೆ ತಲೆಯ ಯಂತ್ರ ಅವನ ಭುಜದ ಮೇಲೆ ಕೈ ಇಟ್ಟಿತಂತೆ, ಆಮೇಲೆ ತಿಪ್ಪೇಶಿ ಹೇಳಿದ್ದು. ನಾನು ಅದನ್ನು ನೋಡಲಿಲ್ಲ. ನಾನು ಮೂಲೆ ನೋಡುತ್ತಿದ್ದೆ. ಬೀಗ, ಜೂನ್, ಪ್ರಿನ್ಸಿಪಾಲರು, ಜ್ವರ, ಯಾವುದೂ ತಲೆಯಲ್ಲಿರಲಿಲ್ಲ. ನನ್ನ ಬದುಕಿನಲ್ಲಿ ಒಂದೂ ಚಿಂತೆಯಿಲ್ಲದ ಏಳೆಂಟು ಸೆಕೆಂಡುಗಳೆಂದರೆ ಅವೇ ಇರಬೇಕು.

"ಹರಿ" ಎಂದರು ಸಾಬರು ಮೆಲ್ಲಗೆ. ಮೋಟರು ಗುಂಯ್ ಎಂದಿತು.

ಎರಡನೆಯ ಚುಕ್ಕೆ ಮಿನುಗಿತು. ಎಳೆದೆ.

ಕಿಂಡಿಯಿಂದ ಕೆಳಗೆ ನೋಡಿದೆ. ಯಾರೂ ಕೂಗಲಿಲ್ಲ, ಯಾರೂ ಮೂಲೆ ನೋಡುತ್ತಿರಲಿಲ್ಲ. ಕ್ಯಾಪ್ಟನ್ ನೌಕೆಯ ಬಾಗಿಲು ತೆರೆದು ಕಾಲು ಹೊರಗಿಟ್ಟಿದ್ದ. ಟಾಕೀಸಿನ ತುಂಬ ಜನ ಕಡಲೆಕಾಯಿ ಬಿಡಿಸುವುದನ್ನೂ ಮರೆತು ಅವನ ಜೊತೆ ಇಳಿಯುತ್ತಿದ್ದರು.

"ಸರಿ ಆತೇನ್ರಿ?" ಎಂದು ಹಿಡಿ ಬಿಡದೆಯೇ ಕೇಳಿದೆ.

ದಾದಾಪೀರ್ ಸಾಬರು ಕಿಂಡಿಗೆ ಕಣ್ಣಿಟ್ಟು ಒಮ್ಮೆ ಕೆಳಗೆಲ್ಲ ನೋಡಿ ನನ್ನ ಕಡೆ ತಿರುಗಿದರು.

"ಒಬ್ರಿಗೂ ಗೊತ್ತಾಗ್ಲಿಲ್ಲ" ಎಂದರು. "ಪಾಸು."